ನೂರಾ ಎಂಬತ್ತನಾಲ್ಕು ಬೆರಳುಗಳು

ಮುದ್ದೇಬಿಹಾಳ
೧೪ ನವೆಂಬರ್ ೨೦೦೩

ಪ್ರೀತಿಯ ಶೈಲಕ್ಕಾ,

ಪುಣೆಯ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಇಲ್ಲಿ ಎಲ್ಲರೂ ಆರಾಮ. ಅವ್ವನ ಮೊಣಕಾಲು ನೋವು ಇಳಿದಿದೆ. ನಿನ್ನೆ ಸಂತೆಗೆ ನಡೆದೇ ಹೋಗಿ ಬಂದಳು.

ನಿನ್ನ ಪುಣೆಯದೂ ನಮ್ಮದೂ ಸೇರಿ ಐದು ಆಸ್ಪತ್ರೆಗಳು ಕಟ್ಟುತ್ತಿರುವ ಸಣ್ಣ ರಕ್ತನಾಳಗಳ ಮಾಹಿತಿಕೋಶಕ್ಕೆ ನಮ್ಮ ದವಾಖಾನೆಯಿಂದ ೧೮೪ ಜನರ ಚಿತ್ರ ಕಳಿಸಿದೆನಲ್ಲ, ಆ ಕೆಲಸ ನನಗೆ ಬಹಳ ಹಿಡಿಸಿತು. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತ ಹರಿಯುವುದು ಟಿವಿಯಲ್ಲೇ ಕಾಣುತ್ತದೆ. ನಾಲತವಾಡದ ಗುರವ್ವ ತನ್ನದನ್ನು ನೋಡಿ, "ನಮ್ಮ ಕಾಲುವಿ ನೀರಿನಂಗ ನಿಂತು ನಿಂತು ಹೊಂಟೈತಲ್ಲೋ ತಮ್ಮಾ, ಮ್ಯಾಲಿನವ್ರು ಗೇಟ ಹಾಕ್ಯಾರೇನ?" ಅಂದಳು. ಅದು ಯಾಕೆ ನಿಂತು ಹೋಗುತ್ತದೆ ಎಂದು ನಿನ್ನನ್ನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬೇರೆಯದೇ ಗೊತ್ತಾಯಿತು.

ಮೊನ್ನೆ ಬಳೆ ಮಾರುವ ರಮಜಾನಬಿ ಎರಡನೇ ಸಲದ ಚಿತ್ರಕ್ಕೆ ಬಂದಿದ್ದರು. ಬೆರಳು ಇಡಿಸುವ ನಬಿಲಾಲ ಕಾಕಾ ರಜೆಯಲ್ಲಿದ್ದರು, ನಾನೇ ಎಡಗೈ ಕೇಳಿದೆ. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಮಂದಿಗೆ ಎಡಗೈ ಕೊಡ್ತಾರೇನ್ರಿ? ಹೋದಸಲಾನೂ ಬಲಗೈನ ಕೊಟ್ಟೇನಿ" ಅಂದರು. ನೀನು ಕಳಿಸಿದ ನಮೂನೆಯಲ್ಲಿ ಕೇಳಿರುವುದು ಎಡಗೈಯ ಉಂಗುರದ ಬೆರಳು. ನಾನು ಆ ಕಡೆ ತಿರುಗಿಯೂ ನೋಡದೆ ಕಂಪ್ಯೂಟರಿನಲ್ಲಿ ೧೮೪ ಸಲ ‘ಎಡ’ ಎಂದು ತುಂಬಿದ್ದೇನೆ. ಕಾಕಾ ರಜೆ ಮುಗಿಸಿ ಬಂದ ಮೇಲೆ ಕೇಳಿದೆ. "ಎಡಗೈ ಕೇಳಿದ್ರ ಹಿರ್ಯಾರು ಮಾರಿ ಗಂಟು ಹಾಕ್ತಾರೋ ಸಂಜೂ. ಅವ್ರು ಯಾವ್ದು ಕೊಟ್ರೋ ಅದನ್ನ ಇಟ್ಟೇನಿ. ರಕ್ತ ಎರಡೂ ಕೈಯಾಗ ಒಂದ ಅಲ್ಲೇನೋ?" ಅಂದರು.

ನನ್ನವೇ ಎರಡೂ ಕೈ ಇಟ್ಟು ನೋಡಿದೆ: ಒಂದು ಮಿಲಿಮೀಟರಿಗೆ ಎಡಗೈಯಲ್ಲಿ ಒಂಬತ್ತು ನಾಳ, ಬಲಗೈಯಲ್ಲಿ ಏಳು. ಒಬ್ಬನದನ್ನು ನೋಡಿ ಏನೂ ಹೇಳಲಾಗದು. ಕುಡುಗೋಲು ಹಿಡಿಯುವ ಬಲಗೈಗಳಲ್ಲಿ ಎಷ್ಟಿರಬಹುದು?

ಕೋಶ ಮುಚ್ಚುವುದು ಮೂವತ್ತಕ್ಕೆ. ನಮ್ಮ ತಾಲೂಕನ್ನೂ ಸೇರಿಸಲೇಬೇಕೆಂದು ಹಟ ಹಿಡಿದವಳು ನೀನು. ಈಗ ನಮ್ಮ ಚಿತ್ರಗಳನ್ನು ತೆಗೆದರೆ ಅಲ್ಲಿ ನಿನ್ನ ಮಾತು ಬೀಳುತ್ತದೆ. ಇಟ್ಟರೆ, ಎಲ್ಲರೂ ನನ್ನ ತಪ್ಪನ್ನು ನಂಬಿ ಮುಂದೆ ಹೋಗುತ್ತಾರೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಬಿಸಿನೀರು ಕುಡಿಯುತ್ತಿರು ಎಂದು ಅವ್ವ ಹೇಳಿದ್ದಾಳೆ.

ನಿನ್ನ ತಮ್ಮ,
ಸಂಜೀವಕುಮಾರ

ತಾ.ಕ.: "ಯಾರಿಗೂ ಹೇಳಬ್ಯಾಡೋ" ಎಂದು ನೀನು ಫೋನು ಮಾಡಿದರೆ ನನಗೆ ಇಲ್ಲವೆನ್ನಲು ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆಯೇ ಉಳಿದ ನಾಲ್ಕೂ ಆಸ್ಪತ್ರೆಗಳಿಗೆ ಇಮೇಲ್ ಮಾಡಿ, ನಮ್ಮ ೧೮೪ನ್ನೂ ತೆಗೆಯಿರಿ ಎಂದು ತಿಳಿಸಿದ್ದೇನೆ. ಬೈಯುವುದಿದ್ದರೆ ಬೈ. ಆಮೇಲೆ ಎರಡೂ ಕೈಗೆ ಜಾಗವಿರುವ ಹೊಸ ನಮೂನೆ ಕಳಿಸು.