ಹದಿನಾಲ್ಕನೇ ನಂಬರಿನ ಉಂಗುರ

ಅಕ್ಟೋಬರ್ 6, ಸೋಮವಾರ
ಹದಿನಾಲ್ಕನೇ ನಂಬರಿನ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿದೆ. ಸುತ್ತ ಖಾಲಿ ಉಂಗುರ ಇಲ್ಲ. ಸೊನ್ನೆ ಮಿಲಿಮೀಟರ್.

ಜೂನ್‌ನಲ್ಲಿ ಉಂಗುರ ಹನ್ನೊಂದು ಮಿಲಿಮೀಟರ್ ಇತ್ತು. ಸಮುದ್ರದ ಸಿಂಪಿಯೊಳಗೆ ರೋಗಾಣು ಕೊಲ್ಲುವ ಬ್ಯಾಕ್ಟೀರಿಯಾ ಇವೆ ಎಂದು ಓದಿ, ಮದ್ದೂರಿನ ಶಿಂಷಾ ನದಿಯ ಕಪ್ಪೆಚಿಪ್ಪಿನಲ್ಲಿ ಹುಡುಕಿದ್ದೆ. ಮೀನಿಗೆ ಹುಣ್ಣು ಮಾಡುವ ಬ್ಯಾಕ್ಟೀರಿಯಾವನ್ನು ಇದು ಹತ್ತಿರ ಬಿಡದೆ ಸುತ್ತ ಖಾಲಿ ಉಂಗುರ ಉಳಿಸುತ್ತಿತ್ತು. ಚಿಪ್ಪಿನ ಉಳಿದ ಬ್ಯಾಕ್ಟೀರಿಯಾದಿಂದ ಬೇರೆ ಮಾಡಿ, ಇದೊಂದನ್ನೇ ಬೆಳೆಸುತ್ತ ಬಂದೆ. ಹನ್ನೊಂದು, ಏಳು, ಮೂರು, ಸೊನ್ನೆ.

ದಸರಾ ರಜೆಯಲ್ಲಿ ಕಾಲೇಜಿನ ಫ್ರಿಜ್ ಕೆಟ್ಟು ಹದಿನಾಲ್ಕರ ಉಳಿದ ತಟ್ಟೆಗಳೆಲ್ಲ ಹಾಳು. ಇರುವುದು ಅದೊಂದನ್ನೇ ಬೆಳೆಸಿದ ಈ ತಟ್ಟೆ ಮಾತ್ರ. 17ಕ್ಕೆ ಗೈಡ್‌ಗೆ ಉಂಗುರ ತೋರಿಸಬೇಕು. ಇಲ್ಲದಿದ್ದರೆ ಪಿಎಚ್‌ಡಿ ವಿಷಯವೇ ಬದಲು. ನಾಲ್ಕು ವರ್ಷ...

ಅ. 9
ಚಿಪ್ಪು ತಂದುಕೊಡುವ ಮರಿಯಯ್ಯನಿಗೆ ಫೋನ್ ಮಾಡಿದೆ. "ಒಳೆ ತುಂಬೋಗದೆ ಕಣಮ್ಮ. ಬೇಕಂದ್ರೆ ನೀನೇ ಮುಳುಗ್ಬೇಕು." ನಕ್ಕ.

ಸಂಜೆ, ಮೆಟ್ಟಿಲ ಹತ್ತಿರ, ಕೆಳಗಿರುವ ಮನೆ ಓನರ್ ಮುದ್ದಮ್ಮ. "ಉಪ್ಸಾರು ಮಾಡಿವ್ನಿ, ಬಾ."
ಊಟ ಆಯ್ತು ಅಂದೆ. ಆಗಿರಲಿಲ್ಲ.

ಇವತ್ತು ಮಾತಾಡಿದ್ದು ಇಷ್ಟೇ.

ಅ. 11, ಶನಿವಾರ
ಲ್ಯಾಬಿನಲ್ಲಿ ಕರೆಂಟಿಲ್ಲ. ತಟ್ಟೆಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಬರೀ ಚಿಲಕ ಹಾಕಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಸಾರು ಇಡಲು ಬಂದ ಮುದ್ದಮ್ಮ ಮುಚ್ಚಳ ತೆಗೆದು ಬೆರಳಿಟ್ಟಿದ್ದಾರೆ.

"ಮೊಸ್ರಿಗೆ ಎಪ್ಪಾಕಿದ್ದೀಯ ಅನ್ಕಂಡೆ ಕಣವ್ವ. ಗಟ್ಟಿಯಾಗದಾ ಅಂತ ಮುಟ್ಟುದೆ."
"ಯಾರ್ ಕರೆದ್ರು ನಿಮ್ಮನ್ನ? ಇನ್ಮೇಲೆ ಮೇಲಕ್ಕೆ ಬರ್ಬೇಡಿ."

ಸಾರಿನ ಪಾತ್ರೆ ಎತ್ತಿಕೊಂಡು ಇಳಿದುಹೋದರು.

ಅ. 13, ಬೆಳಿಗ್ಗೆ 7
ಕೆಟ್ಟಿತೆಂದು ತಟ್ಟೆ ಎಸೆಯಲು ತೆಗೆದೆ. ಬೆರಳು ತಗುಲಿದಲ್ಲಿ ಬೇರೊಂದು ಬ್ಯಾಕ್ಟೀರಿಯಾದ ಹಳದಿ ಚುಕ್ಕೆಗಳು. ಅವಕ್ಕೂ ಹದಿನಾಲ್ಕಕ್ಕೂ ನಡುವೆ ಖಾಲಿ ಜಾಗ. ಆ ಬದಿಗೆ ಮಾತ್ರ. ಸ್ಕೇಲಿಟ್ಟೆ. ನಾಲ್ಕು. ಮತ್ತೆ ಅಳೆದೆ — ನಾಲ್ಕು.

ಅ. 16, ಮಧ್ಯಾಹ್ನ
ಮೀನಿನ ಬ್ಯಾಕ್ಟೀರಿಯಾದ ಎದುರು ಪರೀಕ್ಷೆ ಮುಗಿಯಿತು. ಹದಿನಾಲ್ಕು ಒಂದೇ: ಸೊನ್ನೆ. ಹಳದಿ ಒಂದೇ: ಸೊನ್ನೆ. ಎರಡನ್ನೂ ಜೊತೆಗೆ ಬೆಳೆಸಿದ್ದು: ಒಂಬತ್ತು. ಜೊತೆಗಿಟ್ಟ ಮೂರು ತಟ್ಟೆಯಲ್ಲೂ ಅಷ್ಟೇ.

ಬೆಳೆಯುವಾಗಲೇ ಪಕ್ಕದಲ್ಲಿ ಬೇರೆಯವು ಇದ್ದರೆ ಮಾತ್ರ ಹದಿನಾಲ್ಕು ರೋಗಾಣು ಕೊಲ್ಲುವ ವಸ್ತು ತಯಾರಿಸುತ್ತದೆ. ನಾನು ನಾಲ್ಕು ತಿಂಗಳು ಯಾರನ್ನೂ ಸೇರಿಸಿರಲಿಲ್ಲ.

ಗೈಡ್‌ಗೆ ಫೋಟೊ ಕಳಿಸಿದೆ. "ಎರಡನೆಯದು ಎಲ್ಲಿಂದ ಬಂತು?" ಎಂದು ಮೆಸೇಜ್. "ಮನೆ ಓನರ್ ಬೆರಳಿನಿಂದ" ಎಂದೆ. "ಹಾಗೇ ಬರೆಯಿರಿ. ನಾಳೆ ಬನ್ನಿ."

ಸಂಜೆ 7
ವರದಿ ಮುಗಿಯಿತು. ಹೇಳಲು ಯಾರೂ ಇಲ್ಲ. ಐದು ದಿನದಿಂದ ಮುದ್ದಮ್ಮ ಮೆಟ್ಟಿಲ ಹತ್ತಿರ ನಿಂತಿಲ್ಲ. ಎರಡು ಸಲ ಅರ್ಧ ಇಳಿದು ವಾಪಸ್ ಬಂದೆ. ತಪ್ಪಾಯ್ತು ಅನ್ನಬೇಕು. ಮೊದಲು ಅದು, ಆಮೇಲೆ ಫೋಟೊ.

ಕೆಳಗಿನಿಂದ ಕೂಗು. "ಏನವ್ವ ಸೌಮ್ಯ, ಮೆಟ್ಲ ಎಣಿಸ್ತಿದ್ದೀಯಾ? ನಾ ಮೇಲಕ್ ಬರಾಕಿಲ್ಲ, ನೀನೇ ಬ್ಯಾಡ ಅಂದಿದ್ದೀಯ. ಉಂಡಾ?"

ಇಲ್ಲ ಅಂದೆ. ಜೋರಾಗಿ.

"ಮತ್ತೆ ಇಳಿ. ಮುದ್ದೆ ಆರೋಯ್ತದೆ."

ಫೋಟೊ ಮೊಬೈಲಿನಲ್ಲಿದೆ. ಮೊದಲು ತಪ್ಪಾಯ್ತು, ಆಮೇಲೆ—