ಬುರುಲ್ ಅಕ್ಕ ಇನ್ನು ಬರುವುದಿಲ್ಲ

ಫೆಬ್ರವರಿ ೧೧, ಭಾನುವಾರ. ನಾರಿನ್ ಪಟ್ಟಣ.

ಬುರುಲ್ ಅಕ್ಕ ಇನ್ನು ದಿನಾ ಬೆಳಗಿನ ಪ್ರಾರ್ಥನೆಗೆ ಬರುವುದಿಲ್ಲವಂತೆ. ಬೆಳಗ್ಗೆಯಿಂದ ಅದೇ ತಲೆ ಕೊರೆಯುತ್ತಿದೆ. ಈ ಚಳಿಗಾಲಕ್ಕೆ ನಮ್ಮ ಸಭೆಯಲ್ಲಿ ಉಳಿದಿದ್ದವರು ಪಾಸ್ಟರನಾದ ನಾನು ಮತ್ತು ಎಪ್ಪತ್ತು ದಾಟಿದ ಅವರು, ಇಬ್ಬರೇ. ಮಿಕ್ಕವರು ದುಡಿಯಲು ರಷ್ಯಾಕ್ಕೆ ಹೋದರು, ಇಲ್ಲವೇ ಹುಟ್ಟಿದ ಧರ್ಮ ಬಿಟ್ಟಿರೆಂದು ಬೈಯುವ ನೆಂಟರ ಬಾಯಿಗೆ ಹೆದರಿ ದೂರವಾದರು.

ಇವತ್ತು ಸೋಮಾರಿತನದ ಬಗ್ಗೆ ಪ್ರಸಂಗ ಮಾಡಿದೆ. ಮುಗಿದ ಮೇಲೆ ಅಕ್ಕ ಶಾಲು ಸುತ್ತಿಕೊಳ್ಳುತ್ತ, "ನಾಳೆಯಿಂದ ನನ್ನ ದಾರಿ ಕಾಯ್ಬೇಡ, ತಮ್ಮಾ" ಎಂದರು.

"ಯಾಕಕ್ಕಾ, ಮಂಡಿ ನೋವಾ?"

"ಮಂಡಿಗೇನಾಗಿದೆ? ಮನಸ್ಸೇ ಏಳ್ತಿಲ್ಲ. ನಾನು ಸೋಮಾರಿ, ಒಪ್ಕೋತೀನಿ. ಆದ್ರೆ ನೀನು?"

"ನಾನಾ? ಬೆಳಕಾಗೋಕೆ ಮುಂಚೆ ಎದ್ದು ಹಿಮ ಗುಡಿಸ್ತೀನಿ, ಒಲೆ ಹಚ್ತೀನಿ, ನಿಮಗೆ ಚಹಾ ಕಾಯಿಸ್ತೀನಿ..."

"ಅದನ್ನೇ ಹೇಳಿದ್ದು. ನಾನು ಕಣ್ಮುಚ್ಚಿದ ಕೂಡ್ಲೇ ನೀನೆದ್ದು ಒಲೆ ಕೆದಕ್ತೀಯ. ದೇವರ ಮುಂದೆ ಒಂದು ಗಳಿಗೆ ನೀನು ಸುಮ್ನೆ ಕೂತಿದ್ದು ನಾನಂತೂ ನೋಡಿಲ್ಲ."

ಕೋಪ ಬಂತು. ಆದರೂ ಕೈಹಿಡಿದು ಗೇಟಿನವರೆಗೆ ಬಿಟ್ಟುಬಂದೆ. ಅವರು ತಿರುಗಿ ನೋಡಲಿಲ್ಲ.

ಸಂಜೆ ಬಾಗಿಲು ಹಾಕಿಕೊಂಡು ಮಂಡಿಯೂರಿದೆ. "ತಂದೆಯೇ" ಎಂದೆ. ಮುಂದಿನ ಮಾತು ಹೊರಡಲಿಲ್ಲ. ಕೇಳಿಸಿಕೊಳ್ಳಲು ಯಾರೋ ಇದ್ದಾರೆ ಎಂದೂ ಅನ್ನಿಸಲಿಲ್ಲ. ಎಷ್ಟು ವರ್ಷದಿಂದ ಹೀಗಿದೆಯೋ, ಕೆಲಸದ ಗಡಿಬಿಡಿಯಲ್ಲಿ ನನಗೆ ಗೊತ್ತೇ ಆಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ಎದ್ದು ಬೆಂಚು ಒರೆಸುತ್ತಿದ್ದೆ. ನಾಳೆ ಯಾರೂ ಕೂರದ ಬೆಂಚು. ಗೊತ್ತಿದ್ದೂ ಕೈ ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಿದರೆ ಮತ್ತೆ ಆ ಮೌನದಲ್ಲಿ ಒಬ್ಬನೇ ಕೂರಬೇಕಲ್ಲ.