ಒಲ್ಲೆ ಎಂದವರ ತಟ್ಟೆ

ಡಾರ್ಮ್‌ಸ್ಟಾಟ್,
ಶನಿವಾರ, ೧೬ ನವೆಂಬರ್ ೨೦೨೪

ಪ್ರೀತಿಯ ರೀ,

ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಏಳಲಿಲ್ಲ. ಹನ್ನೆರಡು ವರ್ಷ ‘ರೀ’ ಎಂದೇ ಕರೆದವಳು ಈಗ ‘ಉದಯಕುಮಾರ ಅವರಿಗೆ’ ಎಂದು ಬರೆದರೆ ಬ್ಯಾಂಕಿನಿಂದ ಬಂದ ಕಾಗದದ ಹಾಗೆ ಕಾಣುತ್ತದೆ. ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ನಿನ್ನೆ ವಿಡಿಯೋದಲ್ಲಿ ಮುಖ ಇಳಿದಂತೆ ಕಂಡಿತು. ಅದು ಅಲ್ಲಿನ ದೀಪದ ತಪ್ಪೋ ನಿಮ್ಮ ಅಡುಗೆಯ ತಪ್ಪೋ ತಿಳಿಯಲಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಚಟ್ನಿಪುಡಿಯನ್ನು ಆಫೀಸಿನವರಿಗೆಲ್ಲ ಹಂಚಿ ದೊಡ್ಡವರಾಗಬೇಡಿ, ನೀವೇ ತಿನ್ನಿ. ನಿಶ್ಚಿತಾ ಆರಾಮಾಗಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ, ಹೀಗೆ ಸಂಸಾರ ನಡೆದಿದೆ. ‘ಪಪ್ಪಾ ಯಾವಾಗ ಬರ್ತಾರ’ ಎಂದು ಮೊದಲು ಶುಕ್ರವಾರ ಶುಕ್ರವಾರ ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಕೇಳಿದಾಗ ಸಿಟ್ಟು ಬರುತ್ತಿತ್ತು, ಬಿಟ್ಟ ಮೇಲೆ ಹೆದರಿಕೆ ಬರುತ್ತಿದೆ.

ದಿನಾ ಮುಖ ನೋಡುವವರಿಗೆ ಪತ್ರವೇಕೆ ಎಂದು ನಗುತ್ತಿರಬಹುದು. ವಿಡಿಯೋದಲ್ಲಿ ನಾವು ಮಾತಾಡುವುದಾದರೂ ಏನು ಹೇಳಿ? ‘ಊಟ ಆತೇನ್ರಿ’, ‘ಆತು, ನಿಂದು?’ ಅಷ್ಟರಲ್ಲಿ ಮಗಳು ಫೋನು ಕಸಿದುಕೊಳ್ಳುತ್ತಾಳೆ, ಅದು ಮುಗಿಯುವಷ್ಟರಲ್ಲಿ ನಿಮ್ಮ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ಇವತ್ತು ಡಾನುತಾ ಊರಿಗೆ ಹೊರಟಿದ್ದಾರೆ. ಅವರ ವ್ಯಾನು ಪೋಲೆಂಡಿನಲ್ಲಿ ನೀವಿರುವ ಊರಿನ ಮೇಲೆಯೇ ಹೋಗುತ್ತದಂತೆ, ಪತ್ರವನ್ನು ನಿಮ್ಮ ಕೈಯಲ್ಲೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಅಂಚೆಯವನು ಸಿಕ್ಕಂತಾಯಿತು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯೋಣ ಎಂದು ಕೂತೆ.

ಡಾನುತಾ ಯಾರೆಂದು ನೆನಪಿದೆ ತಾನೆ? ಕೆಳಗಿನ ಮನೆಯ ರೈನ್‌ಹಾರ್ಟ್ ಅಜ್ಜಿಯನ್ನು ನೋಡಿಕೊಳ್ಳಲು ಆಗಸ್ಟಿನಲ್ಲಿ ಪೋಲೆಂಡಿನಿಂದ ಬಂದವರು. ಗಣಪತಿ ಹಬ್ಬಕ್ಕೆ ನೀವು ಬಂದಾಗ ಮೆಟ್ಟಿಲ ಮೇಲೆ ಸಿಕ್ಕಿದ್ದರಲ್ಲ, ಕೆಂಪು ಕೂದಲು, ನಿಮ್ಮ ಸೂಟ್‌ಕೇಸನ್ನು ಕೇಳದೆಯೇ ಎತ್ತಿಕೊಂಡು ಮೇಲೆ ತಂದಿಟ್ಟವರು. ಅವರು ಬರುವ ಮೊದಲೇ ಅಜ್ಜಿ ನನ್ನನ್ನು ಕರೆದು ಎಚ್ಚರಿಕೆ ಕೊಟ್ಟಿದ್ದರು: ಪೋಲೆಂಡಿನವರು ಬರುತ್ತಾರೆ, ಸೈಕಲ್ಲಿಗೆ ಎರಡು ಬೀಗ ಹಾಕು, ಅವರ ಊರಿನಲ್ಲಿ ಕಾರು ಬಾಗಿಲಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಗಡಿ ದಾಟಿರುತ್ತದೆ ಎಂದು. ಹೀಗೆ ಹೇಳಿದ ಬಾಯಲ್ಲಿದ್ದ ಹಲ್ಲಿನ ಸೆಟ್ಟು ಪೋಲೆಂಡಿನಲ್ಲೇ ಕಟ್ಟಿಸಿದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಅಲ್ಲಿ ಅಗ್ಗವಂತೆ. ಡಾನುತಾ ಏನು ಕಡಿಮೆಯೇ? ಜರ್ಮನರಿಗೆ ಎದೆಯ ಜಾಗದಲ್ಲಿ ಗಡಿಯಾರವಿದೆ ಎನ್ನುತ್ತಾರೆ, ಆದರೆ ಊರಿಗೆ ಒಯ್ಯುವ ಚೀಲದ ತುಂಬ ಇಲ್ಲಿಯ ಬಟ್ಟೆ ಒಗೆಯುವ ಪುಡಿ ತುಂಬಿದ್ದಾರೆ. ಅದೇ ಕಂಪನಿಯ ಪುಡಿ ಅವರ ಊರಲ್ಲೂ ಸಿಗುತ್ತದೆ, ಆದರೆ ಜರ್ಮನಿಯದಕ್ಕೇ ಕೊಳೆ ಹೋಗುವುದಂತೆ! ಬೈಯುವುದು ಜರ್ಮನರನ್ನು, ಒಗೆಯುವುದು ಜರ್ಮನ್ ಪುಡಿಯಲ್ಲಿ. ನೀವಿರುವ ಊರಿನ ಹೆಸರಿನ ಮೇಲೂ ಇವರಿಬ್ಬರಿಗೆ ಜಗಳ. ಅಜ್ಜಿ ಬ್ರೆಸ್ಲಾವ್ ಎನ್ನುತ್ತಾರೆ, ಅವರ ತಾಯಿ ಹುಟ್ಟಿದ್ದು ಅಲ್ಲಿ, ಆಗ ಅದು ಜರ್ಮನಿಯ ಊರಂತೆ, ಯುದ್ಧ ಮುಗಿದ ಮೇಲೆ ಮನೆ ಬಿಟ್ಟು ಬಂದವರಂತೆ. ಡಾನುತಾ ಪ್ರತಿ ಸಲವೂ ‘ವ್ರೋತ್ಸ್ವಾಫ್’ ಎಂದು ತಿದ್ದುತ್ತಾರೆ. ಬೆಳಗಾವಿಗೆ ಯಾರಾದರೂ ಬೆಳಗಾಂವ ಎಂದರೆ ನಿಮ್ಮ ಅಪ್ಪನ ಮುಖ ಹೇಗಾಗುತ್ತಿತ್ತು ನೆನಪಿಸಿಕೊಳ್ಳಿ, ಹಾಗೆ. ನಾನು ನಡುವೆ ಕೂತು ‘ನಮ್ಮವರಿರುವ ಊರು’ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಈಗ ಮುಖ್ಯ ಕಥೆ ಕೇಳಿ. ಕೆಳಗಿನ ಮನೆಯಲ್ಲಿ ಅಡುಗೆ ಮಾಡುವವರು ಡಾನುತಾ, ಆದರೆ ಸೌಟು ಮಾತ್ರ ಅಜ್ಜಿಯ ಕೈಯಲ್ಲಿ. ಎಂಬತ್ತು ದಾಟಿದರೂ ಬಡಿಸುವ ಅಧಿಕಾರವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಬಂದ ಹೊಸದರಲ್ಲಿ ಒಂದು ಸೌಟು ಸೂಪು ಹಾಕಿ, ಇನ್ನೂ ಸ್ವಲ್ಪ ಬೇಕೇ ಎಂದು ಅಜ್ಜಿ ಕೇಳಿದ್ದಾರೆ. ಡಾನುತಾ ಮರ್ಯಾದೆಗೆ ಬೇಡ ಎಂದಿದ್ದಾರೆ. ಅಜ್ಜಿ ಪಾತ್ರೆಯ ಮುಚ್ಚಳ ಮುಚ್ಚಿದ್ದಾರೆ. ಮರುದಿನವೂ ಅದೇ, ಆಚೆ ದಿನವೂ ಅದೇ. ಮೈಮುರಿದು ಕೆಲಸ ಮಾಡುವ ಹೆಂಗಸಿಗೆ ಒಂದು ಸೌಟು ಸೂಪು ಎಲ್ಲಿ ಸಾಲುತ್ತದೆ? ಬೇಕರಿಯಿಂದ ಬನ್ನು ತಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಿನ್ನತೊಡಗಿದರು. ಅಜ್ಜಿಗೆ ಬನ್ನಿನ ಪುಡಿ ಸಿಕ್ಕಿತು. ‘ನನ್ನ ಜೊತೆ ಊಟ ಮಾಡಲು ಅವಳಿಗೆ ಸೊಕ್ಕು, ಕೋಣೆಗೆ ಒಯ್ದು ಬಚ್ಚಿಟ್ಟು ತಿನ್ನುತ್ತಾಳೆ, ಈ ಪೋಲೆಂಡಿನವರೇ ಹೀಗೆ’ ಎಂದು ನನ್ನ ಹತ್ತಿರ ಅಜ್ಜಿ. ‘ಆಲೂಗಡ್ಡೆ ಎಣಿಸಿ ಬಡಿಸುತ್ತಾರೆ, ಈ ಜರ್ಮನರೇ ಹೀಗೆ’ ಎಂದು ಡಾನುತಾ. ಅಷ್ಟು ದೂರದ ಎರಡು ದೇಶಗಳ ಜಗಳಕ್ಕೆ ಬೈಲಹೊಂಗಲದ ನಾನು ಪಂಚಾಯ್ತಿ ಕಟ್ಟೆ.

ಗುಟ್ಟು ಬಿಚ್ಚಿಕೊಂಡಿದ್ದು ನಮ್ಮ ಅಡುಗೆಮನೆಯಲ್ಲಿ. ನಮ್ಮ ಹೆಸರಿಗೆ ಬಂದ ಪಾರ್ಸೆಲ್ ಕೊಡಲು ಒಂದು ಮಧ್ಯಾಹ್ನ ಡಾನುತಾ ಮೇಲೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಊಟ ಮಾಡಿ ಎಂದೆ. ಬೇಡ ಬೇಡ ಎಂದರು. ಹಾಗೆಂದು ಯಾರು ಬಿಡುತ್ತಾರೆ? ಕುರ್ಚಿ ಎಳೆದು ಕೂರಿಸಿದೆ. ಮತ್ತೆ ಬೇಡ ಎಂದರು, ನಾನು ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ ಹಾಕಿಯೇಬಿಟ್ಟೆ. ನಾಲ್ಕು ರೊಟ್ಟಿ ತಿಂದರು, ರೀ. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿದೆ, ಕೈ ನಿಲ್ಲುತ್ತಿಲ್ಲ. ‘ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಎರಡನೇ ಸಲ ಕೇಳಿದವಳು ನೀನೇ’ ಎಂದರು. ಅವರ ಕಡೆ ಮೊದಲ ಸಲಕ್ಕೇ ಹೂಂ ಎಂದರೆ ಹಸಿದುಬಂದವರು ಎಂದುಕೊಳ್ಳುತ್ತಾರಂತೆ, ಬೇಡ ಎನ್ನುವುದು ಅತಿಥಿಯ ಕೆಲಸ, ಬಿಡದಿರುವುದು ಮನೆಯವರ ಕೆಲಸ. ನಾನು ನಕ್ಕೂ ನಕ್ಕೂ ಸಾಕಾದೆ. ನಾವು ಬಂದ ಮೊದಲ ವರ್ಷ ನಿಮ್ಮ ಬಾಸ್ ಮನೆಗೆ ಹೋಗಿದ್ದು ನೆನಪಿದೆಯಲ್ಲ? ಕೇಕು ಬೇಕೇ ಎಂದಾಗ ಇಬ್ಬರೂ ಮರ್ಯಾದಸ್ಥರ ಹಾಗೆ ಬೇಡ ಎಂದೆವು, ಅವರು ಕೇಕನ್ನು ಒಳಗಿಟ್ಟೇಬಿಟ್ಟರು. ಮನೆಗೆ ಬರುವ ಟ್ರಾಮಿನಲ್ಲಿ ನೀವು ಹೊಟ್ಟೆ ಹಿಡಿದುಕೊಂಡು ‘ಇನ್ನೊಂದ್ ಸಲ ಕೇಳಿದ್ರ ಇವರದೇನ್ ಗಂಟ ಹೋಗತಿತ್ತ?’ ಎಂದಿದ್ದಿರಿ. ಬಂದವಳೇ ಚುರುಮುರಿ ಕಲಸಿಕೊಟ್ಟೆ. ಆ ದಿನ ನಾವು ನಕ್ಕಷ್ಟು ಆಮೇಲೆ ಯಾವತ್ತೂ ನಗಲಿಲ್ಲ ಅನಿಸುತ್ತದೆ.

ಅಜ್ಜಿಗೆ ಹೋಗಿ ತಿಳಿಸಿ ಹೇಳಿದೆ, ಪೋಲೆಂಡಿನವರನ್ನು ಮೂರು ಸಲ ಕೇಳಬೇಕು ಎಂದು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಇದನ್ನು ಮೊದಲೇ ಹೇಳಬಾರದಿತ್ತೇ, ನಿಯಮವಿದೆ ಎಂದು ನನಗೇನು ಗೊತ್ತು ಎಂದರು. ಅವತ್ತಿನಿಂದ ನೋಡಬೇಕು ನೀವು! ಸೌಟು ಹಿಡಿದು ಒಂದು ಬೆರಳು ಎತ್ತಿ ಕೇಳುತ್ತಾರೆ, ಎರಡು ಬೆರಳು ಎತ್ತಿ ಕೇಳುತ್ತಾರೆ, ಮೂರನೆಯದಕ್ಕೆ ಹರಾಜು ಕೂಗುವವರ ಹಾಗೆ ಡಾನುತಾರ ಮುಖ ನೋಡುತ್ತಾರೆ. ಡಾನುತಾ ಮೂರನೆಯ ಬೆರಳಿಗೆ ತಟ್ಟೆ ಮುಂದೆ ಮಾಡುತ್ತಾರೆ. ಹಾಗೆಂದು ಇಬ್ಬರೂ ಒಬ್ಬರನ್ನೊಬ್ಬರು ಬೈಯುವುದನ್ನು ಬಿಟ್ಟಿದ್ದಾರೆ ಎಂದುಕೊಳ್ಳಬೇಡಿ. ಹುಟ್ಟುಗುಣ ಸುಟ್ಟರೂ ಹೋಗದು. ಅಜ್ಜಿಯ ಮಾತು ಕೇಳಿ ಕುದಿಯುವ ಇದೇ ಡಾನುತಾ, ಊರಲ್ಲಿ ತನ್ನ ತಾಯಿಯನ್ನು ನೋಡಿಕೊಳ್ಳುವ ಯುಕ್ರೇನಿನ ಹೆಂಗಸಿನ ಬಗ್ಗೆ ‘ಆ ಕಡೆಯವರನ್ನು ಹೆಚ್ಚು ನಂಬಬಾರದು, ಕಪಾಟಿಗೆ ಬೀಗ ಇರಬೇಕು’ ಎಂದರು. ಅಜ್ಜಿಯೂ ಇದನ್ನೇ ಅಂದಿದ್ದರಲ್ಲ ಎಂದೆ. ಅವರು ನಗಲಿಲ್ಲ. ನಾವೇನು ಬೇರೆಯೇ? ಮೈಸೂರಿನವರು ‘ಊಟ ಮಾಡ್ಕೊಂಡೇ ಬಂದಿರ್ತೀರಲ್ಲ’ ಅಂತ ಬಾಗಿಲಲ್ಲೇ ಕೇಳುತ್ತಾರೆ ಎಂದು ನಾವು ನಗುತ್ತೇವೆ, ಅವರು ನಮ್ಮನ್ನು ಮಾತಾಡಿದರೆ ಜಗಳಕ್ಕೆ ಬಂದಂತಿದೆ ಎನ್ನುತ್ತಾರೆ. ಮೊನ್ನೆ ಫ್ರಾಂಕ್‌ಫರ್ಟ್‌ನ ದೀಪಾವಳಿ ಕೂಟದಲ್ಲಿ ಚನ್ನಮಲ್ಲಪ್ಪ ಕಾಕಾ ಎಲ್ಲರೆದುರಿಗೆ ‘ಜರ್ಮನಿ ಬಿಟ್ಟ ಪೋಲೆಂಡಿಗಿ ಯಾಕ ಹಾಕಿದ್ರವಾ, ಏನರ ತಪ್ಪ ಮಾಡ್ಯಾನೇನ?’ ಎಂದು ಕೇಳಿದರು. ಅವರು ಪೋಲೆಂಡ್ ನೋಡಿದವರಲ್ಲ.

ದೀಪಾವಳಿ ಅಮಾವಾಸ್ಯೆಯ ಮರುದಿನ ಡಾನುತಾ ಕಡೆಯವರಿಗೆ ಸತ್ತವರ ಹಬ್ಬ. ಊರಿಗೆ ಹೋಗಿ ಅಪ್ಪನ ಸಮಾಧಿಗೆ ದೀಪ ಇಡಲಾಗಲಿಲ್ಲ ಎಂದು ಡಾನುತಾ ಚಡಪಡಿಸುತ್ತಿದ್ದರು. ಕೊನೆಗೆ ಇಲ್ಲಿಯ ಸ್ಮಶಾನಕ್ಕೇ ಹೊರಟರು, ನಾನೂ ಜೊತೆಗೆ ಹೋದೆ. ದೀಪಾವಳಿಯಲ್ಲಿ ಸೊಸೆ ಸ್ಮಶಾನಕ್ಕೆ ಹೋಗಿದ್ದಳು ಎಂದು ನಿಮ್ಮ ಅವ್ವನ ಕಿವಿಗೆ ಬೀಳಿಸಬೇಡಿ. ಹುಲ್ಲು ಬೆಳೆದ, ಯಾರೂ ಬಾರದ ಒಂದು ಜರ್ಮನ್ ಸಮಾಧಿ ಹುಡುಕಿ, ಎಲೆ ಗುಡಿಸಿ, ದೀಪ ಹಚ್ಚಿಟ್ಟರು. ಗುರುತಿಲ್ಲದವರಿಗೆ ಯಾಕೆ ಎಂದು ಕೇಳಿದೆ. ನನ್ನ ಅಪ್ಪನ ಹತ್ತಿರ ಇವತ್ತು ಬೇರೆ ಯಾರಾದರೂ ಹಚ್ಚಿರುತ್ತಾರೆ ಎಂದರು. ಮನೆಗೆ ಬಂದು ಹಣತೆ ಹಚ್ಚಿದೆ. ಫ್ಯಾಕ್ಟರಿಯಲ್ಲಿ ಹೊಸ ಯಂತ್ರಗಳ ಲೈನು ಶುರುವಾಗುವುದಿದೆ ಎಂದು ನೀವು ಬಂದಿರಲಿಲ್ಲ. ನಿಶ್ಚಿತಾ ಗೆಳತಿಯ ಮನೆಯಲ್ಲಿದ್ದಳು. ಒಬ್ಬಳೇ ದೀಪ ಹಚ್ಚಿ ಒಬ್ಬಳೇ ನೋಡಿದೆ, ಅಳು ಬಂತು, ಅತ್ತುಬಿಟ್ಟೆ.

ಈಗ ಡಾನುತಾ ತಿರುಗಿ ಬರುವುದಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ, ಇನ್ನು ತಾವೇ ನೋಡಿಕೊಳ್ಳುತ್ತಾರಂತೆ. ಅಜ್ಜಿ ನಿನ್ನೆಯಿಂದ ಯಾರೊಡನೆಯೂ ಮಾತಾಡುತ್ತಿಲ್ಲ. ನನ್ನ ಕಥೆಯೂ ಅಷ್ಟೇ. ಮಗಳನ್ನು ಶಾಲೆಗೆ ಕಳಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಮಧ್ಯಾಹ್ನದವರೆಗೆ ಬಾಯಿ ತೆರೆಯುವ ಪ್ರಸಂಗವಿಲ್ಲ. ಪಾರ್ಸೆಲ್ಲಿನವನಿಗೆ ಹಲೋ ಎಂದರೆ ನನ್ನ ದನಿ ನನಗೇ ಬೇರೆಯವರದೆನಿಸುತ್ತದೆ. ಡಾನುತಾ ಮೇಲೆ ಬರುವ ಹೊತ್ತಿಗೆ ಎರಡು ಲೋಟ ಚಹಾಕ್ಕೆ ನೀರಿಡುವುದು ರೂಢಿಯಾಗಿತ್ತು. ಇಬ್ಬರದೂ ಮುರುಕು ಜರ್ಮನ್, ಮುರುಕಿಗೆ ಮುರುಕು ಜೋಡಿಯಾಗಿ ಮಾತು ಸರಾಗ ಓಡುತ್ತಿತ್ತು.

ನಿಮ್ಮ ಕಂಪನಿಗೆ ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು ಎಂದಿರಲ್ಲ, ಅಲ್ಲಿಯೇ ಇನ್ನೂ ಮೂರು ವರ್ಷ ಇರುವ ವಿಚಾರ. ಗಣಪತಿ ಹಬ್ಬದ ದಿನ ನಾನು ಕಡುಬು ಬಡಿಸುವಾಗ ‘ನೀವಿಬ್ರೂ ಅಲ್ಲೇ ಬಂದ್ರ ಹ್ಯಾಂಗ?’ ಎಂದು ಕೇಳಿದಿರಿ. ‘ನಾ ಒಲ್ಲೆ ಬಿಡ್ರಿ’ ಎಂದೆ. ನೀವು ‘ಆತು’ ಎಂದು ಇನ್ನೊಂದು ಕಡುಬು ಹಾಕಿಸಿಕೊಂಡಿರಿ. ಅಲ್ಲಿಗೆ ಆ ಮಾತು ಮುಗಿಯಿತು. ಹೋದ ವಾರ ಫೋನಿನಲ್ಲಿ ನಾನೇ ವಿಷಯ ತೆಗೆದಾಗಲೂ ‘ನೀ ಒಲ್ಲೆ ಅಂದಿ, ನಾ ಒತ್ತಾಯ ಮಾಡಾಂವ ಅಲ್ಲ’ ಎಂದಿರಿ. ಒಳ್ಳೆಯ ಗಂಡ ಎಂದು ಊರೆಲ್ಲ ಹೊಗಳುವ ಮಾತು ಅದು. ನಿಶ್ಚಿತಾಳ ಶಾಲೆ, ನನ್ನ ಕೆಲಸ, ಹೊಸ ಭಾಷೆ ಎಂದು ನಾನು ಕೊಡಬಹುದಾದ ಕಾರಣಗಳನ್ನೆಲ್ಲ ನೀವೇ ನನ್ನ ಪರವಾಗಿ ಹೇಳಿ ಮುಗಿಸಿದಿರಿ. ಇರಲಿ. ನೀವು ಕೆಲಸದ ಮನುಷ್ಯರು, ಅಲ್ಲಿ ನಿಮಗೆ ಹೆಸರಿದೆ. ಸಹಿ ಮಾಡಿ ಕಳಿಸಿ. ತಿಂಗಳಿಗೊಮ್ಮೆ ಬಂದುಹೋಗುತ್ತೀರಿ, ನಾವು ಹೇಗೋ ಇರುತ್ತೇವೆ, ಮೂರು ವರ್ಷ ಎಷ್ಟರ ಮಾತು.

ಡಾನುತಾ ಬಂದಾಗ ಒಳಗೆ ಕರೆಯಿರಿ, ಪತ್ರ ಇಸಿದುಕೊಂಡು ಬಾಗಿಲು ಹಾಕಬೇಡಿ. ಚಹಾ ಬೇಡ ಎನ್ನುತ್ತಾರೆ, ನಂಬಬೇಡಿ. ಕಂಬಳಿ ಸರಿಯಾಗಿ ಹೊದ್ದು ಮಲಗಿ, ನೋವಿನ ಎಣ್ಣೆ ಚೀಲದ ತಳದಲ್ಲಿದೆ. ಅವ್ವನವರಿಗೆ ಭಾನುವಾರ ತಪ್ಪದೆ ಫೋನು ಮಾಡಿ. ಮಗಳು ಬರೆದ ಚಿತ್ರ ಇಟ್ಟಿದ್ದೇನೆ; ಅದರಲ್ಲಿರುವ ಮೀಸೆ ನಿಮ್ಮದೇ. ನಿಮ್ಮನ್ನು ಅಲ್ಲಿ ದೇವರು ಚೆನ್ನಾಗಿಟ್ಟಿರಲಿ.

ನಿಮ್ಮ
ವಿಜಯಶ್ರೀ

ತಾ. ಕ.: ವ್ಯಾನು ಬಂದು ಕೆಳಗೆ ಹಾರ್ನ್ ಹೊಡೆಯುತ್ತಿದೆ, ಡಾನುತಾ ಪತ್ರಕ್ಕೆ ಕೈ ಚಾಚಿ ನಿಂತಿದ್ದಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಸಹಿ ಮಾಡಿ ಎಂದು ಮೇಲೆ ಬರೆದಿದ್ದನ್ನು ಓದಿ ಪತ್ರ ಮಡಚಿಡಬೇಡಿ. ಅದಕ್ಕೂ ಮೊದಲು ಒಂದು ಸಲ ಬನ್ನಿ, ಎದುರಿಗೆ ಕೂತು ನಮ್ಮಿಬ್ಬರನ್ನೂ ಮತ್ತೊಮ್ಮೆ ಅಲ್ಲಿಗೆ ಕರೆಯಿರಿ. ನಾ ಮತ್ತೂ ಒಲ್ಲೆ ಅಂತೀನಿ. ಅಲ್ಲಿಗೇ ಬಿಡಬ್ಯಾಡ್ರಿ.